ಅಡುಸೈ ಎತ್ತಿ ಹೇಳದ ಮಾತು

ಮರಳುಗಾಡಿನ ಕಡೆಯಿಂದ ಬೀಸಿದ ಒಣಗಾಳಿ ಅಬೊಯೆಸೊ ಪಟ್ಟಣದ ಕೆಂಪು ಗೋಡೆಗಳ ಮೇಲೆ ಬೂದುಬಣ್ಣದ ಧೂಳು ಹರಡಿತ್ತು. ಅರಮನೆಯೆಂದರೆ ನಾಲ್ಕು ಅಂಗಳಗಳ ಮಣ್ಣಿನ ಮನೆ; ಆದರೂ ಹಿರಿಯರ ರೇಷ್ಮೆಯ ಛತ್ರಗಳು ಅರಳಿ, ನಗಾರಿಗಳು ಮೊಳಗಿ, ಪಶ್ಚಿಮ ಆಫ್ರಿಕದ ಆ ಪುಟ್ಟ ರಾಜಧಾನಿ ಅಂದು ಮಹಾನಗರದ ಗಾಂಭೀರ್ಯ ತಾಳಿತ್ತು. ಛತ್ರಗಳ ಎದುರಿಗೆ ಬಿಳಿಯ ಅಧಿಕಾರಿಯ ಬಂದೂಕುಗಳು ಸಾಲುಗಟ್ಟಿದ್ದವು.

ಅರಸ ಬ್ರೆಂಪಾಂಗನ ಪಕ್ಕದಲ್ಲಿ ಚಿನ್ನದ ತುದಿಯ ದಂಡ ಹಿಡಿದು ವಕ್ತಾರ ಅಡುಸೈ ನಿಂತಿದ್ದ. ಆ ನಾಡಿನಲ್ಲಿ ಅರಸ ಸಭೆಯೊಡನೆ ನೇರವಾಗಿ ಮಾತನಾಡುವುದಿಲ್ಲ. ಅವನು ಪಿಸುನುಡಿದದ್ದನ್ನು ವಕ್ತಾರ ಎತ್ತಿ ಹೇಳಿದರೆ ಅದು ರಾಜವಾಕ್ಯ. ಅಲ್ಲಿಯವರೆಗೆ ಬರಿಯ ಉಸಿರು. ಇಬ್ಬರು ಅರಸರ ಮಾತನ್ನು ಅಡುಸೈ ಮೂವತ್ತು ವರ್ಷ ಅಕ್ಷರ ಕೆಡದಂತೆ ಹೊತ್ತಿದ್ದ.

ಪೂರ್ವಜರ ಸಮಾಧಿಗಳಿದ್ದ ದೇವರಕಾಡನ್ನು ಮರದ ವ್ಯಾಪಾರಕ್ಕೆ ಬಿಟ್ಟುಕೊಡಬೇಕೆಂದು ಅಧಿಕಾರಿ ಕೇಳಿದ್ದ. ಒಪ್ಪದಿದ್ದರೆ ಗಡೀಪಾರು ಎಂದು ಮಂತ್ರಿ ಸಾಫೊ ಎಳೆಯ ಅರಸನನ್ನು ಹೆದರಿಸಿದ್ದ. ಕಾಡು ಕೊಟ್ಟವನನ್ನು ಊರೇ ಪೀಠದಿಂದ ಇಳಿಸುತ್ತದೆ, ಪೀಠ ತನಗೆ ದಕ್ಕುತ್ತದೆ ಎಂಬುದು ಸಾಫೊನ ಸಂಚು. ಅದು ಅಡುಸೈಗೆ ತಿಳಿದಿತ್ತು. ಹಿಂದಿನ ದಿನ ಎಚ್ಚರಿಸಿದರೂ ಅರಸ ನಂಬಿರಲಿಲ್ಲ.

ಕಾಡು ಕೊಟ್ಟೆವೆಂದು ಅರಸ ಬಾಗಿ ಪಿಸುಗುಟ್ಟಿದ.

ಅಡುಸೈ ತುಟಿ ತೆರೆಯಲಿಲ್ಲ. ಅವನಿಗೆ ಸಿಟ್ಟಿತ್ತು: ಬಂದೂಕಿನವರ ಮೇಲೆ, ಸಾಫೊನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಾನು ಎತ್ತಿ ಆಡಿಸಿದ್ದ ಈ ಅರಸನ ಪುಕ್ಕಲುತನದ ಮೇಲೆ.

"ವಕ್ತಾರರಿಗೆ ಹಲ್ಲಿನ ಜೊತೆ ನಾಲಿಗೆಯೂ ಉದುರಿತೇ?" ಎಂದು ಸಾಫೊ ನಕ್ಕ.

"ನಾಲಿಗೆ ಇದೆ, ಸಾಫೊ. ನಿನ್ನ ಎಂಜಲು ಅದಕ್ಕೆ ರುಚಿಸುವುದಿಲ್ಲ."

ಅಧಿಕಾರಿ ಕಾಗದ ಚಾಚಿ ಹಿರಿಯರ ಹೆಬ್ಬೆಟ್ಟು ಕೇಳಿದ. ರಾಜಮಾತೆ ಅಫ್ರಾಕೊಮಾ ಕುಳಿತಲ್ಲಿಂದಲೇ ಹೇಳಿದಳು: "ದೊರೆಗಳೇ, ಅರಸರು ಇನ್ನೂ ಏನೂ ಹೇಳಿಲ್ಲ. ಆಡದ ಮಾತಿಗೆ ಹೆಬ್ಬೆಟ್ಟು ಒತ್ತುವುದು ಹೇಗೆ?"

ಒಬ್ಬ ಸೈನಿಕ ಬಂದೂಕಿನ ಹಿಡಿಯಿಂದ ಅಡುಸೈಯ ಬಾಯಿಗೆ ಹೊಡೆದ. ಅಡುಸೈಗೆ ಸರಪಳಿ ತರಲು ಹೇಳಿ, ದಂಡವನ್ನು ಬೇರೊಬ್ಬರಿಗೆ ಕೊಡುವಂತೆ ಅಧಿಕಾರಿ ಅರಸನಿಗೆ ಅಪ್ಪಣೆ ಮಾಡಿದ. ಅವನ ಮಾತು ಮುಗಿಯುವ ಮೊದಲೇ ಸಾಫೊನ ಕೈ ಮುಂದೆ ಬಂದಿತ್ತು.

ಆ ಆತುರದ ಕೈಯನ್ನು ಅರಸ ನೋಡಿದ. ನಿನ್ನೆ ನಂಬದಿದ್ದುದು ಈಗ ಅವನಿಗೆ ಅರ್ಥವಾಯಿತು. ಎದ್ದು ಬಂದು, ರಕ್ತ ಸುರಿಯುತ್ತಿದ್ದ ಮುದುಕನ ಕಿವಿಗೆ ಮತ್ತೊಮ್ಮೆ ಬಾಗಿದ.

ಅಡುಸೈ ರಕ್ತವನ್ನು ಉಗುಳಿ, ದಂಡವನ್ನು ನೆಲಕ್ಕೆ ಊರಿ, ನಾಲ್ಕೂ ಅಂಗಳಗಳಿಗೆ ಕೇಳುವಂತೆ ನುಡಿದ: "ಅರಸರು ಅಪ್ಪಣೆ ಕೊಡಿಸಿದ್ದಾರೆ. ನಮ್ಮ ಹಿರಿಯರು ಮಲಗಿರುವ ಕಾಡನ್ನು ಯಾರಿಗೂ ಕೊಡುವುದಿಲ್ಲ."

ಸೈನಿಕರು ಅರಸನನ್ನೂ ಅಡುಸೈಯನ್ನೂ ಒಂದೇ ಸರಪಳಿಯಲ್ಲಿ ಬಿಗಿದು ಕಡಲಿನ ಕಡೆಗೆ ನಡೆಸಿಕೊಂಡು ಹೋದರು. ಊರಿನ ಹೆಂಗಸರು ಅಳಲಿಲ್ಲ. ಸಾಫೊ ಮನೆಗೆ ಹೋಗಬೇಕಿದ್ದ ದಾರಿಯಲ್ಲಿ ಒಬ್ಬೊಬ್ಬರಾಗಿ ಬಂದು ಅಡ್ಡ ನಿಂತರು.