ಒಲೆಗೋಡೆಯ ನಾಲ್ಕು ತೂತು

"ಹೊಸ್ತಿಲು ದಾಟಬೇಡಿ!"

ಯದುಗಿರಿಯ ಕೂಗಿಗೆ ಕೆಂಚಯ್ಯ ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

"ಹೊಗೆ ಒಳಗೈತೆ... ರಿಪೇರಿ ಆಚೆಯಿಂದ್ಲಾ?"

"ಮಡಿ ಅಡುಗೆಮನೆ ಕಣ್ರೀ. ನಾನು ಮಾಡಿದ ನಿಯಮವಲ್ಲ."

ಹೇಳಿದ ನಾಲಿಗೆಯೇ ಸುಟ್ಟಂತಾಯಿತು.

ಅದು ೧೯೫೮. ಅರಸೀಕೆರೆಯ ವಿದ್ಯಾರ್ಥಿನಿಲಯದಲ್ಲಿ ಅವಳೂ ಅಮ್ಮ ಸುಂದರಮ್ಮನೂ ನಲವತ್ತು ಹುಡುಗರಿಗೆ ಬೇಯಿಸುತ್ತಿದ್ದರು. ಹೊಗೆ ಅಮ್ಮನ ಒಂದು ಕಣ್ಣನ್ನು ಆಗಲೇ ತಿಂದಿತ್ತು. ಹೀಗೇ ಆದರೆ ಇನ್ನೊಂದೂ ಉಳಿಯದು ಎಂದಿದ್ದರು ಡಾಕ್ಟರು. ಅದಕ್ಕೇ ಯದುಗಿರಿ ರೈಲ್ವೆ ಇಂಜಿನ್ ಶೆಡ್ಡಿನ ಫಿಟ್ಟರ್ ಕೆಂಚಯ್ಯನನ್ನು ಕರೆಸಿದ್ದಳು.

ಕೆಂಚಯ್ಯ ಹಿತ್ತಲಿಗೆ ಹೋಗಿ ಒಲೆಯ ಹೊರಗೋಡೆಗೆ ಉಳಿ ಇಟ್ಟ. ಉರಿಯ ಮೇಲೆ ಅಡ್ಡವಾಗಿ ಗಾಳಿ ನುಗ್ಗಿದರೆ ಹೊಗೆಯೇ ಉರಿದುಹೋಗುತ್ತದೆ. ಇಂಜಿನ್ನಿನಲ್ಲಿ ಅದನ್ನು ಕಣ್ಣಾರೆ ಕಂಡಿದ್ದ. ಬೆರಳ ಗಾತ್ರದ ಹನ್ನೆರಡು ತೂತು ಕೊರೆದ.

ಹೊಗೆ ಜಗ್ಗಲಿಲ್ಲ!

ಯದುಗಿರಿ ಒಲೆಬಾಯಿಗೆ ಬಗ್ಗಿ ನೋಡಿದಳು. ಗೋಡೆಯ ಪಕ್ಕ ಮಾತ್ರ ಉರಿ ಬೆಳ್ಳಗಿತ್ತು, ನಡುವೆ ಕಪ್ಪು.

ಕಿಟಕಿಯಿಂದ ಕೂಗಿದಳು. "ನಿಮ್ಮ ಗಾಳಿ ಹೆದರ್ಕೊಂಡು ಗೋಡೆಗೇ ಅಂಟ್ಕೊಂಡಿದೆ ಕಣ್ರೀ! ಸಣ್ಣ ತೂತಿಂದ ಬರೋದು ಸಣ್ಣ ಎಳೆ, ಬಿಸಿ ಸೆಳೆತಕ್ಕೆ ಬಾಗಿಬಿಡುತ್ತೆ. ನಾಲ್ಕೇ ತೂತು ಸಾಕು, ಅಗಲವಾಗಿರಲಿ. ಉಳಿದದ್ದು ಮುಚ್ಚಿಬಿಡಿ!"

"ಆಗ್ಲಿ ಇಂಜಿನಿಯರಮ್ಮ!"

ಮರುದಿನ ತಣ್ಣಗಿದ್ದ ಒಲೆಯ ಹೊಸ ತೂತಿನಲ್ಲಿ ಒಂದು ಕಣ್ಣು ಕಂಡಿತು. ಕೆಂಚಯ್ಯನ ನಗುವ ಕಣ್ಣು. ಯದುಗಿರಿ ತನ್ನ ಕಣ್ಣು ತೆಗೆಯಲಿಲ್ಲ...

ಒಲೆ ಹತ್ತಿತು. ಗಾಳಿ ಉರಿಯ ನಡುವಿಗೇ ನುಗ್ಗಿತು. ಮೊದಲ ಸಲ ಅಮ್ಮ ಹೊಗೆಯಿಲ್ಲದೆ ಅತ್ತಳು.

ಆದರೆ ಬೆಳಗಾಗುವಷ್ಟರಲ್ಲಿ ನಾಲ್ಕೂ ತೂತಿಗೆ ಮಣ್ಣು ಮೆತ್ತಿತ್ತು. ನೋಡಿಹೋಗಲು ಬರುತ್ತೇನೆಂದಿದ್ದ ಕೆಂಚಯ್ಯನೂ ಬರಲಿಲ್ಲ.

'ತಾನೇ ಕೊರೆದು ತಾನೇ ಮುಚ್ಚಿದನೇ? ಹೊಸ್ತಿಲಲ್ಲಿ ನಾನಂದ ಮಾತು ಅಷ್ಟು ಚುಚ್ಚಿತೇ?'

ಮೂರನೆಯ ದಿನ ಹಿತ್ತಲಿನಲ್ಲಿ ಅವನ ಉಳಿ ಸಿಕ್ಕಿತು. ಉಳಿ ಬಿಟ್ಟು ಹೋಗುವ ಕೆಲಸಗಾರನುಂಟೇ? ಓಡಿಸಿದ್ದಾರೆ!

ಹೋಗಿ ಕೇಳಿದರೆ ನಿಲಯದ ಮ್ಯಾನೇಜರು ಭಾಷ್ಯಂ ಅಳುಕಲಿಲ್ಲ. "ನಾನೇ ಮುಚ್ಚಿಸಿದ್ದು. ಆ ತೂತಿಂದ ಅವನ ಉಸಿರು ಅನ್ನಕ್ಕೆ ತಾಗುತ್ತೆ. ಹಿತ್ತಲಿಗೆ ಬಂದವನಿಗೆ ನೀನೇ ಬೇಡ ಅಂದೆ ಅಂತ ಹೇಳಿ ಓಡಿಸ್ದೆ."

"ನಮ್ಮಮ್ಮನ ಕಣ್ಣಿಗಿಂತ ನಿಮ್ಮ ಮಡಿ ದೊಡ್ಡದಾ?"

ಯದುಗಿರಿ ಒಲೆಗೆ ಒಂದು ಕೊಡ ನೀರು ಸುರಿದಳು. "ತೂತು ತೆಗೆಯೋ ತನಕ ಒಲೆ ಹತ್ತಲ್ಲ!"

"ಕೆಲಸ ಹೋಗುತ್ತೆ, ಹುಷಾರ್!"

ಮೂಲೆಯಿಂದ ಸುಂದರಮ್ಮ ಎದ್ದಳು. "ಹೋಗ್ಲಿ ಬಿಡಿ ಸ್ವಾಮಿ. ನಾಳೆಯಿಂದ ನಿಮ್ಮ ಮನೆಯವರೇ ಬಂದು ಈ ಒಲೆ ಊದಲಿ."

ನಡುಮಧ್ಯಾಹ್ನ, ಪೇಟೆಯೆಲ್ಲ ನೋಡುತ್ತಿರುವಾಗ, ಯದುಗಿರಿ ಉಳಿ ಹಿಡಿದು ಶೆಡ್ಡಿನ ಗೇಟಿನಲ್ಲಿ ನಿಂತಳು.

"ನಾನು ಬೇಡ ಅಂದಿಲ್ಲ ಕೆಂಚಯ್ಯ... ಯಾವತ್ತೂ ಅನ್ನಲ್ಲ."

ಮಸಿಮೆತ್ತಿದ ಅವನ ಮುಖ ಅರಳಿತು. "ಮೂರ್ ದಿನದಿಂದ ತುತ್ತು ಗಂಟಲಲ್ಲಿ ಇಳ್ದಿಲ್ಲ ಕಣ್ರೀ."

"ನನಗೂ."

ಇಬ್ಬರೂ ಪೇಟೆಯ ನಡುಬೀದಿಯಲ್ಲೇ ಜೊತೆಯಾಗಿ ನಡೆದು ಬಂದರು. ಹಸಿದ ನಲವತ್ತು ಹುಡುಗರು ಎದ್ದು ದಾರಿ ಬಿಟ್ಟರು. ಭಾಷ್ಯಂ ಕೂಡ ಪಕ್ಕಕ್ಕೆ ಸರಿಯಬೇಕಾಯಿತು.

ಹೊಸ್ತಿಲ ಬಳಿ ಕೆಂಚಯ್ಯ ತಡೆದು ನಿಂತ.

"ಒಳಕ್ ಬರ್ಲಾ?"

"ಹೆದರ್ಕೊಂಡು ಗೋಡೆಗೆ ಅಂಟ್ಕೊಳ್ಳೋದಾದ್ರೆ ಬೇಡ..." ಯದುಗಿರಿ ಕೈ ಚಾಚಿದಳು. "ನಡುವಿಗೇ ಬರೋದಾದ್ರೆ, ಬನ್ನಿ."

ಅವನು ಹೊಸ್ತಿಲು ದಾಟಿದ.