ಸ್ವಿಟ್ಜರ್ಲೆಂಡಿನ ಲಕೋಟೆಗೆ ಮಂಡಕ್ಕಿ ಭಟ್ಟಿಯ ಮಸಿ

2025ರ ಜುಲೈ 9, ಬುಧವಾರ ಬೆಳಿಗ್ಗೆ 9.40ಕ್ಕೆ ಹರಿಹರದ ಠಾಣೆಗೆ ಒಂದು ದೂರು ಬಂತು. ಬಂತು ಅಂದರೆ ಸಾಲದು, ನುಗ್ಗಿತು. ಕೊಕ್ಕನೂರಿನ ಸ್ವಾತಿ ಬಾಗಿಲಲ್ಲೇ ಅಳತೊಡಗಿದಳು. ಆ ಅಳುವಿಗೆ ತುಂಗಭದ್ರೆ ಎರಡು ಅಡಿ ಏರಿತೆಂದು ಠಾಣೆಯವರು ಈಗಲೂ ಆಣೆ ಮಾಡುತ್ತಾರೆ.

"ಕೂಡ್ರಿ ಮೊದ್ಲು," ಎಂದು ಹೆಡ್ ಕಾನ್‌ಸ್ಟೆಬಲ್ ವಾಣಿ ಕುರ್ಚಿ ಎಳೆದು, ನೀರು ಕೊಟ್ಟಳು. "ಈಗ ಹೇಳವ್ವಾ, ಹೆಸರೇನು?"

ಸಂಗತಿ ಇಷ್ಟು. ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿದೆಯೆಂದು ಹರಿಹರದ ಏಜೆಂಟ್ ಅಂಜನ್ ಕುಮಾರ್ ಅವಳಿಗೊಂದು ಪತ್ರ ಕೊಟ್ಟಿದ್ದ. ವೀಸಾಕ್ಕೆಂದು ಪಾಸ್‌ಪೋರ್ಟ್, ಮೂಲ ಅಂಕಪಟ್ಟಿಗಳನ್ನೆಲ್ಲ ಇಸಿದುಕೊಂಡಿದ್ದ. ಅನುಮಾನ ಬಂದ ಸ್ವಾತಿ ತಾನೇ ಅಲ್ಲಿಗೆ ಇಮೇಲ್ ಬರೆದಳು. ಪತ್ರ ನಮ್ಮದಲ್ಲ ಎಂದು ಉತ್ತರ ಬಂತು. ಆದರೆ ಒಂದು ಸೀಟು ಖಾಲಿ ಇದೆ, ಶುಕ್ರವಾರ ಭಾರತದ ಸಮಯ ಮೂರಕ್ಕೆ ವೀಡಿಯೊ ಸಂದರ್ಶನ, ಮೂಲ ದಾಖಲೆಗಳನ್ನು ಕ್ಯಾಮೆರಾಕ್ಕೆ ತೋರಿಸಬೇಕು ಎಂದೂ ಅದರಲ್ಲಿತ್ತು. ಓಡಿಹೋಗಿ ನೋಡಿದರೆ ಏಜೆಂಟನ ಕಚೇರಿಗೆ ಬೀಗ, ಫೋನ್ ಬಂದ್.

ಇನ್‌ಸ್ಪೆಕ್ಟರ್ ನಾಗಭೂಷಣ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ಎಫ್‌ಐಆರ್ ಹಾಕು," ಎಂದರು. ಅಲ್ಲಿಗೆ ಎರಡು ಖರ್ಚಾದವು.

ವಂಚನೆ ಮತ್ತು ಫೋರ್ಜರಿ ಕಲಮುಗಳಡಿ 10.30ಕ್ಕೆ ಪ್ರಕರಣ ದಾಖಲಾಯಿತು. ಪಂಚರ ಎದುರು ಕಚೇರಿಯ ಬೀಗ ಒಡೆದರೆ ಸಿಕ್ಕಿದ್ದು ಒಂದು ಭೂಪಟ, ಎರಡು ಜಿರಳೆ. ಅವನ ಫೋನ್ ಕೊನೆಯ ಸಲ ಮಾತಾಡಿದ್ದು ದಾವಣಗೆರೆಯಿಂದ. ದಾವಣಗೆರೆಯಲ್ಲಿ ಎಲ್ಲಿ? ಅಷ್ಟು ದೊಡ್ಡ ಊರಿನಲ್ಲಿ ಆನೆಯನ್ನು ಬಚ್ಚಿಟ್ಟರೂ ಸಿಗದು.

ಗುರುವಾರ ಸಂಜೆ ವಾಣಿ ಆ ಪತ್ರದ ಲಕೋಟೆಯನ್ನು ಹಿಡಿದು ಕೂತಳು. ಸ್ವಿಟ್ಜರ್ಲೆಂಡಿನಿಂದ ನೇರ ಬಂದದ್ದೆಂದು ಏಜೆಂಟ್ ಹೇಳಿದ್ದ ಲಕೋಟೆ. ಮಡಿಕೆಯ ಅಂಟಿನೊಳಗೆ ಕರಿ ಚುಕ್ಕೆಗಳಿದ್ದವು. ಉಗುರಿನಿಂದ ಕೆರೆದು ಉಜ್ಜಿದಳು, ಮೂಸಿದಳು. ಅವಳ ಮೂಗಿನ ಮುಂದೆ ಇಲಾಖೆಯ ಶ್ವಾನದಳ ರಾಜೀನಾಮೆ ಕೊಡಬೇಕು.

"ಸರ್, ಇದು ದಾವಣಗೆರಿ ಮಂಡಕ್ಕಿ ಭಟ್ಟಿ ಓಣಿ ಮಸಿ. ನಾನು ಹುಟ್ಟಿ ಬೆಳೆದದ್ದು ಅಲ್ಲೇ ರೀ."

"ಅಲ್ಲಿ ನೂರಾರು ಮನೆ ಅದಾವಲ್ಲ."

"ಅಲ್ಲಿಯೋರು ಭಟ್ಟಿ ಉರಿಯೋವಾಗ ಹಸಿ ವಸ್ತು ಮಾಳಿಗಿ ಮ್ಯಾಲೆ ಇಡಂಗಿಲ್ಲ. ಕರ್ಚೀಫು ಸೈತ ಒಳಗೇ ಒಣಗಸ್ತಾರೆ. ಅಂಟು ಹಚ್ಚಿ ಹೊರಗೆ ಒಣಗಾಕಿದಾನ ಅಂದ್ರ ಇಂವ ಹೊಸ ಬಾಡಿಗೆದಾರ."

ನಾಗಭೂಷಣ್ ಮರುದಿನದ ಪಾಲಿನ ಮಾತನ್ನೂ ಸೇರಿಸಿ ಖರ್ಚು ಮಾಡಿದರು: "ಶಭಾಷ್! ಬೆಳಿಗ್ಗೆ ಹೋಗಾಣ."

ಶುಕ್ರವಾರ 11.10. ಭಟ್ಟಿ ಓಣಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ, ವಾಣಿಯ ಹಳೆಯ ನೆರೆಯ ಕಾಳವ್ವ ಕತ್ತೆತ್ತಿದಳು.

"ಯಾಕವ್ವಾ ವಾಣಿ, ಇಷ್ಟು ಜನ ಪೊಲೀಸ್ರು? ನನ್ ಮದಿವಿ ಏನ?"

"ನಿನ್ನ ಮದಿವಿಗೆ ಇಷ್ಟು ಜನ ಸಾಲಲ್ಲ ಬಿಡವ್ವಾ. ಮಾಳಿಗಿ ಮ್ಯಾಲೆ ಕಾಗದ ಒಣಗಾಕೋರು ಯಾರದಾರೆ?"

"ಅಗೋ, ಆ ಹಸಿರು ಬಾಗಿಲದಾಂವ. ಲಕೋಟಿ ಎಲ್ಲಾ ಹಗ್ಗಕ್ಕೆ ಕ್ಲಿಪ್ ಹಾಕಿ ನೇತಾಕ್ತಾನೆ. ಮಸಿ ಬೀಳ್ತೈತೋ ತಮ್ಮಾ ಅಂತ ಹೇಳಿ ಹೇಳಿ ಸಾಕಾತು."

11.40ಕ್ಕೆ ಬಾಗಿಲು ತೆರೆಯಿತು. ಅಂಜನ್ ಕುಮಾರ್ ಓಡಲಿಲ್ಲ. ಟ್ರಂಕಿನಲ್ಲಿ ಹನ್ನೊಂದು ಮಕ್ಕಳ ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಗಳಿದ್ದವು, ಎಲ್ಲವೂ ನೀಟಾಗಿ ಪ್ಲಾಸ್ಟಿಕ್ ಕವರಿನಲ್ಲಿ. ಪಂಚನಾಮೆ ಮುಗಿದು ಅವನನ್ನು ಬಂಧಿಸಿದಾಗ 1.55. ಹರಿಹರಕ್ಕೆ ಜೀಪು ಓಡಿದ ವೇಗಕ್ಕೆ ಅದರ ನೆರಳು ಅರ್ಧ ದಾರಿಯಲ್ಲೇ ಹಿಂದುಳಿಯಿತು.

ಠಾಣೆಯಲ್ಲಿ ಕಾದಿದ್ದ ಸ್ವಾತಿ ಮನೆಗೆ ಹೋಗಿ ಕೂರಲು ಹೊತ್ತಿರಲಿಲ್ಲ, ಜಪ್ತಿಯಾದ ದಾಖಲೆ ಠಾಣೆ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಮೂರಕ್ಕೆ ಇನ್‌ಸ್ಪೆಕ್ಟರರ ಕೋಣೆಯಲ್ಲೇ, ಅವರ ಕುರ್ಚಿಯಲ್ಲೇ ಸಂದರ್ಶನ ಶುರುವಾಯಿತು. ಅವಳು ಪಾಸ್‌ಪೋರ್ಟ್ ತೋರಿಸಿದಳು, ಅಂಕಪಟ್ಟಿಗಳನ್ನು ಒಂದೊಂದಾಗಿ ತೋರಿಸಿದಳು. ಹೊರಗೆ ವಾಣಿ ವೈರ್‌ಲೆಸ್ಸಿನ ಬಾಯಿಗೂ ಕೈ ಹಿಡಿದಿದ್ದಳು.

ಕೊನೆಗೆ ಆ ಕಡೆಯ ಪ್ರೊಫೆಸರಮ್ಮ ಇಂಗ್ಲಿಷಿನಲ್ಲಿ ಕೇಳಿದರು: ಅತಿಥಿಯೊಬ್ಬರು ಅಳುತ್ತ ನಿಮ್ಮ ಕೌಂಟರಿಗೆ ಬಂದರೆ ಏನು ಮಾಡುತ್ತೀರಿ?

ಸ್ವಾತಿ ಹೇಳಿದಳು: "ಮೊನ್ನೆ ನಾನು ಹಾಗೆಯೇ ಇಲ್ಲಿಗೆ ಬಂದೆ, ಮೇಡಂ. ಇದು ಪೊಲೀಸ್ ಠಾಣೆ. ಇವರು ಮೊದಲು ನನ್ನನ್ನು ಕೂರಿಸಿದರು, ನೀರು ಕೊಟ್ಟರು, ಆಮೇಲೆ ಹೆಸರು ಕೇಳಿದರು. ನಾನೂ ಅದನ್ನೇ ಮಾಡುತ್ತೇನೆ."

ಬಾಗಿಲ ಆಚೆ ವಾಣಿ ಕಣ್ಣೊರೆಸಿಕೊಂಡಳು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವಳಿಗೆ ಸಿಕ್ಕ ಪದಕ ಅದೊಂದೇ.

ಅಂದು ಸಂಜೆ ವಾಣಿ ಅಂಜನ್ ಕುಮಾರನ ಎದುರು ಕೂತಳು.

"ಯಾಕ ಮಾಡಿದಿ?"

"ನಾನೂ ಮೂರು ಸಲ ಅರ್ಜಿ ಹಾಕಿದ್ದೆ ಮೇಡಂ. ಮೂರು ಸಲಾನೂ ಇಲ್ಲ ಅಂದ್ರು. ಊರಾಗೆ ಆಗ್ಲೇ ಸೀಟು ಸಿಕ್ತು ಅಂತ ಹೇಳಿಬಿಟ್ಟಿದ್ದೆ. ಮೊದಲ್ನೇ ಪತ್ರ ನನಗೆ ನಾನೇ ಬರ್ಕಂಡಿದ್ದು."

"ಮತ್ತೆ ಹೋದದ್ದೆಲ್ಲಿಗೆ?"

"ಪುಣೆಗೆ. ಲಾಡ್ಜಿನಾಗೆ ಎರಡು ವರ್ಷ ಹಾಸಿಗೆ ಹಾಸಿದೆ. ವಾಪಸ್ ಬಂದ್ಮೇಲೆ ಜನ ಮಕ್ಳನ್ನ ಕರ್ಕಂಡು ಬಂದ್ರು, ನಮ್ಮವ್ರನ್ನೂ ಕಳಿಸಪ್ಪಾ ಅಂತ. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ."

ಶನಿವಾರ 10.15ಕ್ಕೆ ಸ್ವಾತಿ ಮತ್ತೆ ನುಗ್ಗಿದಳು. ಈ ಸಲ ಕೈಯಲ್ಲಿ, ಸೀಟು ಸಿಕ್ಕಿತೆಂದು ಹಿಂದಿನ ರಾತ್ರಿ ಬಂದ ಇಮೇಲಿನ ಪ್ರಿಂಟು ಇತ್ತು. ಅವಳು ವಾಣಿಯ ಕಾಲಿಗೆ ಬಗ್ಗಿದಳು. "ಏಳವ್ವಾ, ಬೂಟಿನ ಪಾಲಿಶ್ ಹೋಗ್ತೈತೆ," ಎಂದು ವಾಣಿ ಎಬ್ಬಿಸಿ ಅಪ್ಪಿಕೊಂಡಳು. ನಾಗಭೂಷಣ್ ಒಂದು ಪ್ರತಿ ಕೇಳಿ ತೆಗೆದುಕೊಂಡರು. ನಕಲಿಯ ಜೊತೆ ಹೋಲಿಸಲು ಫೈಲಿಗೆ ಅಸಲಿ ಬೇಕಿತ್ತು.

ಅಂಜನ್ ಕುಮಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ನಿಂತಿತ್ತು. ವಾಣಿ ಅವನಿಗೆ ಆ ಹಾಳೆ ತೋರಿಸಿದಳು. ಅವನು ಎರಡು ಸಲ ಓದಿದ.

"ನಾಲ್ಕೇ ಸಾಲಾ ಮೇಡಂ?"

"ನಾಲ್ಕೇ."

"ಅಸಲಿ ಪತ್ರ ನಾನು ನೋಡೇ ಇರ್ಲಿಲ್ಲ."

ಡ್ರೈವರ್ ಹಾರ್ನ್ ಹೊಡೆದ. ವಾಣಿ ಅವನಿಗೆ ಕೈ ಅಡ್ಡ ಮಾಡಿ, ಅಂಜನ್ ಕುಮಾರ್ ಅದನ್ನು ಮೂರನೆಯ ಸಲ ಓದಿ ಮುಗಿಸುವವರೆಗೆ ಕಾದಳು.