ಎರಡೂ ತುದಿಗೆ ಒಂದೇ ಹೆಸರು

"ಯಾರ್ರೀ ಅದು, ಮೇನ್ ಆನ್ ಮಾಡಿದ್ದು?!"

ಹಾಯಿದೋಣಿಯ ಹೊಟ್ಟೆಯೊಳಗಿಂದ ಬಂದ ಕೂಗಿಗೆ, ಮೇನ್ ಸ್ವಿಚ್ ಹಾಕಿದ್ದ ಅವನು ಬೆಚ್ಚಿಬಿದ್ದ. ಹಲಗೆ ಸರಿಸಿ ಒಂದು ಹೆಣ್ಣಿನ ತಲೆ ಮೇಲೆದ್ದಿತು. ಕೆದರಿದ ಕೂದಲು, ಮೂಗಿನ ಮೇಲೆ ಗ್ರೀಸು, ಕೆಂಡದಂಥ ಕಣ್ಣು!

"ನಾನು ಎಲೆಕ್ಟ್ರಿಷಿಯನ್. ಕೈಲಿದ್ದ ವೈರಿಂದ ಕಿಡಿ ಹಾರ್ತು! ನೀವ್ಯಾರು?"

"ದೋಣಿ... ನಂದೇ... ಫೋನ್ ಮಾಡಿ ನಿಮ್ಮನ್ನ ಕರೆಸಿದ್ದೂ ನಾನೇ..."

ಅವನ ಪೆಚ್ಚುಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಹೈಸ್ಕೂಲಿನ ಗಣಿತದ ಮೇಷ್ಟ್ರು. ದೋಣಿ, ತೀರಿಹೋದ ಸೋದರಮಾವ ಬಿಟ್ಟುಹೋದದ್ದು. ಒಳಗೆ ಇದ್ದಬದ್ದ ವೈರೆಲ್ಲ ಕೆಂಪು! ಯಾವುದು ದೀಪಕ್ಕೆ, ಯಾವುದು ನೀರು ಹೊರಹಾಕುವ ಪಂಪಿಗೆ, ದೇವರೇ ಬಲ್ಲ.

ದಿನಾ ಶಾಲೆ ಬಿಟ್ಟ ಮೇಲೆ ಅವನು ದೋಣಿಯ ಮೂತಿಯಲ್ಲಿ, ಅವಳು ಸ್ವಿಚ್ಚುಗಳ ಹತ್ತಿರ.

"ಎಳೀತಿದೀನಿ ಮೇಷ್ಟ್ರೇ... ಅಲ್ಲಾಡ್ತಾ?"

"ಇಲ್ಲ... ಹಾಂ, ಇದೇ! ಇದೇ!"

ಅಲ್ಲಾಡಿದ ವೈರಿನ ಎರಡೂ ತುದಿಗೆ ಒಂದೇ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಮೂರು ವಾರಕ್ಕೆ ನಲವತ್ತೊಂದು ವೈರು ಮುಗಿದವು. ಇನ್ನು ಆರೇ ಉಳಿದಿವೆ... ಎಂದುಕೊಂಡಾಗ ಅವಳ ಎದೆ ಧಸಕ್ಕೆಂದಿತು. ಅಯ್ಯೋ, ನನಗೇನಾಗಿದೆ?

ಆ ಭಾನುವಾರ ಬೆಳಿಗ್ಗೆ ಅವಳು ಬಂದಾಗ ದೋಣಿಯೊಳಗೆ ಮೊಣಕಾಲುದ್ದ ನೀರು! ದೋಣಿಕಟ್ಟೆಯವರೆಲ್ಲ ಬಕೆಟ್ ಹಿಡಿದು ಮೊಗೆಯುತ್ತಿದ್ದರು.

"ಪಂಪ್ ಅಂತ ಬರೆದಿದ್ದೀರಿ, ಪಂಪ್ ಓಡಲೇ ಇಲ್ಲ!" ಒದ್ದೆಮುದ್ದೆಯಾಗಿದ್ದ ಅವನು ಎಲ್ಲರೆದುರು ಕೂಗಿದ. "ನಿಮ್ಮನ್ನ ನಂಬಿದ್ದೇ ತಪ್ಪಾಯ್ತು!"

ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಎರಡೆರಡು ಸಲ ಪರೀಕ್ಷೆ ಮಾಡಿದ್ದೆನಲ್ಲ... ಒಂದು ಮಾತು ಕೇಳಬಾರದಿತ್ತಾ?

ಮರುದಿನವೇ ಇನ್ನಿಬ್ಬರು ದೋಣಿಯವರು ಫೋನ್ ಮಾಡಿ, "ಕೆಲಸ ಬೇಡಮ್ಮ" ಎಂದರು. ಹತ್ತು ವರ್ಷದ ಹೆಸರು ಒಂದೇ ಮಾತಿಗೆ ನೀರುಪಾಲಾಗಿತ್ತು.

ಮೂರನೇ ದಿನ ಅವನೇ ಅವಳ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ಪಂಪಿನ ಫ್ಯೂಸ್ ತೆಗೆದಿದ್ದು ನಾನೇ. ರೇಡಿಯೋಗೆ ಹಾಕಿ ಮರೆತುಬಿಟ್ಟಿದ್ದೆ. ಯಾರೆದುರು ನಿಮ್ಮನ್ನ ಬೈದಿದ್ದೆನೋ, ಅವರೆದುರೇ ಹೇಳಿ ಬಂದೆ. ನಿಮಗೆ ಕೆಲಸ ಬೇಡ ಅಂದ ಆ ಇಬ್ಬರ ಮನೆಗೂ ಹೋಗಿದ್ದೆ."

"ಯಾರೂ ನೋಡಿರಲಿಲ್ವಲ್ಲ? ಸುಮ್ಮನಿದ್ದಿದ್ರೆ ನಡೀತಿತ್ತು."

"ನಡೀತಿತ್ತು. ಆದ್ರೆ ಆಮೇಲೆ ನಿಮ್ಮ ಮುಖ ಹೇಗೆ ನೋಡಲಿ? ನೋಡದೆ ಇರೋಕೂ... ಆಗ್ತಿಲ್ಲ. ನೀವಂದ್ರೆ ನಂಗೆ ಪ್ರಾಣ."

ಅವಳ ಕಣ್ಣು ತುಂಬಿ ಬಂತು. ಕೋಪ ಮಾತ್ರ ಪೂರ್ತಿ ಇಳಿದಿರಲಿಲ್ಲ.

"ತುಂಬಾ ನೋವಾಗಿದೆ ಮೇಷ್ಟ್ರೇ. ಒಂದು ಸಲ ಕ್ಷಮಿಸಿ ಅಂದ್ರೆ ಹೋಗಲ್ಲ."

"ಗೊತ್ತು. ದಿನಾ ಬಂದು ಹೇಳ್ತೀನಿ."

"ದಿನಾನಾ?"

"ನೀವು ಸಾಕು ಅನ್ನೋವರೆಗೂ."

ಅವಳು ಸ್ಟೂಲು ಮುಂದೆ ತಳ್ಳಿದಳು. ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ ಹೇಳಿದಳು:

"ಹಾಗಾದ್ರೆ ಕೂತ್ಕೊಳ್ಳಿ... ನಾನು ಸಾಕು ಅನ್ನೋಳಲ್ಲ."